ಇಳಿಯುವ ಲೆಕ್ಕ ಮೊದಲು: ಮುಳ್ಳಯ್ಯನಗಿರಿಗೆ ಒಂದು ದಿನದ ಚಾರಣ

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂಥ ಊರಿನಲ್ಲಿ ಬೆಳೆದ ವಿದ್ಯಾರ್ಥಿಗೆ ನಡೆಯುವ ಅಭ್ಯಾಸ ಇರುತ್ತದೆ, ಹತ್ತುವ ಅಭ್ಯಾಸ ಇರುವುದಿಲ್ಲ. ಸುತ್ತ ತುಂಗಭದ್ರೆಯ ಬಯಲು, ಗದ್ದೆ, ಕಾಲುವೆ. ಊರಿನ ಅತಿ ಎತ್ತರದ ಜಾಗ ನೀರಿನ ಟ್ಯಾಂಕೋ ಶಾಲೆಯ ತಾರಸಿಯೋ ಇರಬೇಕು. ಆದರೆ ಭೂಪಟ ತೆರೆದು ಹರಿಹರದ ಮೇಲೆ ಬೆರಳಿಟ್ಟು, ಅಲ್ಲಿಂದ ಬಹುತೇಕ ನೇರವಾಗಿ ದಕ್ಷಿಣಕ್ಕೆ ಎಳೆಯಿರಿ. ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ ಬೆರಳು ಒಂದು ಶಿಖರವನ್ನು ಮುಟ್ಟುತ್ತದೆ. ಅದು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಕರ್ನಾಟಕದ ಅತ್ಯುನ್ನತ ಶಿಖರ.

ನಿಮಗೂ ಆ ಬೆಟ್ಟಸಾಲಿಗೂ ಈಗಾಗಲೇ ಒಂದು ಸಂಬಂಧವಿದೆ. ಚಂದ್ರದ್ರೋಣ ಅಥವಾ ಬಾಬಾಬುಡನ್ ಗಿರಿಶ್ರೇಣಿ ಕುದುರೆಯ ಲಾಳದ ಆಕಾರದಲ್ಲಿದೆ. ಲಾಳದ ಒಳಗೆ ಜಾಗರ ಕಣಿವೆ. ಅಲ್ಲಿ ಬಿದ್ದ ಮಳೆ ಸೋಮವಾಹಿನಿಯಾಗಿ ಹರಿದು ಭದ್ರೆಯನ್ನು ಸೇರುತ್ತದೆ. ಲಕ್ಕವಳ್ಳಿಯಲ್ಲಿ ಕಟ್ಟಿದ ಅಣೆಕಟ್ಟೆಯಲ್ಲಿ ತಂಗಿ, ಭದ್ರಾ ನಾಲೆಯ ಮೂಲಕ ಹರಿಹರ ತಾಲ್ಲೂಕಿನ ಗದ್ದೆಗಳಿಗೆ ಬರುತ್ತದೆ. ಅದೇ ಶ್ರೇಣಿಯ ಪೂರ್ವದ ನೀರು ವೇದಾವತಿಯಾಗಿ ಹಿರಿಯೂರಿನ ಕಡೆ ಹೋಗುತ್ತದೆ. ಇನ್ನೊಂದು ಪಾಲು ಯಗಚಿಯಾಗಿ ಹೇಮಾವತಿಯನ್ನು, ಆ ಮೂಲಕ ಕಾವೇರಿಯನ್ನು ಕೂಡುತ್ತದೆ. ಒಂದೇ ಮೋಡದ ಹನಿಗಳು ಎರಡು ಮಹಾನದಿಗಳಿಗೆ ಹಂಚಿಹೋಗುವ ಜಾಗ ಅದು. ಹೋಗಿ ನೋಡಬೇಕೆನ್ನಿಸುವುದು ಸಹಜ.

ಚಾರಣದ ವಿಷಯ ಬಂದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವುದು, ‘ಹತ್ತುವುದು ಹೇಗೆ?’ ಎಂದು. ‘ಇಳಿಯುವುದು ಹೇಗೆ, ಎಷ್ಟು ಹೊತ್ತಿಗೆ?’ ಎಂದು ಕೇಳುವವರು ಅಪರೂಪ. ಇದಕ್ಕೆ ನಮ್ಮ ಮಾಧ್ಯಮದ ಸ್ವಭಾವವೂ ಕಾರಣವಿರಬಹುದು. ದೂರದರ್ಶನದಲ್ಲಿ ಬೆಟ್ಟ ಹತ್ತುವ ದೃಶ್ಯ ಬರುತ್ತದೆ, ಶಿಖರದ ಮೇಲೆ ಕೈ ಬೀಸುವ ದೃಶ್ಯ ಬರುತ್ತದೆ, ಹಿನ್ನೆಲೆಯಲ್ಲಿ ಕೊಳಲು. ಅಲ್ಲಿಗೆ ಮುಗಿಯಿತು. ತಂಡ ಇಳಿದು ಬಂದದ್ದನ್ನು ಯಾರೂ ತೋರಿಸುವುದಿಲ್ಲ. ಸಂಕಲನದ ಮೇಜಿನ ಮೇಲೆ ಅದು ಮೊದಲು ಕತ್ತರಿಗೆ ಸಿಗುವ ಭಾಗ. ಬೆಟ್ಟದಲ್ಲಿ ಮಾತ್ರ ಆ ಭಾಗವನ್ನು ಕತ್ತರಿಸಿ ಎಸೆಯುವಂತಿಲ್ಲ. ದಣಿದ ಕಾಲು, ಖಾಲಿಯಾದ ಬಾಟಲಿ, ಇಳಿಬಿಸಿಲು, ಇವೆಲ್ಲ ಒಟ್ಟಿಗೆ ಬರುವುದು ಇಳಿಯುವಾಗಲೇ. ಆದ್ದರಿಂದ ಈ ಲೇಖನದಲ್ಲಿ ಲೆಕ್ಕವನ್ನು ತುದಿಯಿಂದ ಹಿಂದಕ್ಕೆ ಮಾಡೋಣ.

ಎತ್ತರ ಬೇರೆ, ಏರು ಬೇರೆ

ಕರ್ನಾಟಕದಲ್ಲೇ ಎತ್ತರದ ಶಿಖರ ಎಂದ ಕೂಡಲೇ ‘ಅದು ನಮ್ಮಿಂದ ಆಗುವ ಮಾತೇ?’ ಎಂದು ಹಿಂಜರಿಯಬೇಡಿ. ಶಿಖರದ ಎತ್ತರವನ್ನು ಸಮುದ್ರ ಮಟ್ಟದಿಂದ ಅಳೆಯುತ್ತಾರೆ. ನಿಮ್ಮ ಕಾಲು ಅಳೆಯುವುದು ನೀವು ನಡಿಗೆ ಆರಂಭಿಸಿದ ಜಾಗದಿಂದ. ಕುಮಾರಪರ್ವತವನ್ನು ನೋಡಿ: 1,712 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ ಇನ್ನೂರು ಮೀಟರ್ ಗಿಡ್ಡ. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಹೊರಟವರು ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು ಏರಬೇಕು. ಗಟ್ಟಿಗರೇ ಸುಸ್ತಾಗುವ ದಾರಿ ಅದು. ಮುಳ್ಳಯ್ಯನಗಿರಿಯಲ್ಲಿ ಹಾಗಲ್ಲ. ಚಿಕ್ಕಮಗಳೂರಿನಿಂದ ಕೈಮರದ ಮೇಲೆ ಹೋಗುವ ರಸ್ತೆಯೇ ನಿಮ್ಮನ್ನು ಸಾಕಷ್ಟು ಎತ್ತರಕ್ಕೆ ಒಯ್ದಿರುತ್ತದೆ. ರಸ್ತೆಯ ಪಕ್ಕದಿಂದ ಹೊರಡುವ ಸರ್ಪದಾರಿ ಎಂಬ ಕಾಲುಹಾದಿ ಹಾವಿನಂತೆ ಬಳುಕುತ್ತ ಹುಲ್ಲಿನ ಇಳಿಜಾರಿನಲ್ಲಿ ಏರುತ್ತದೆ. ಮೊದಲ ಬಾರಿಗೆ ಬೆಟ್ಟ ಹತ್ತುವ ಆರೋಗ್ಯವಂತ ವಿದ್ಯಾರ್ಥಿಗಳಿಗೆ ಇದು ಮಧ್ಯಮ ದರ್ಜೆಯ ಚಾರಣ.

ಇನ್ನೊಂದು ಅನುಕೂಲವೂ ಇದೆ. ಶಿಖರದ ಕೆಳಗಿನವರೆಗೆ ವಾಹನ ರಸ್ತೆ ಬಂದು, ಅಲ್ಲಿಂದ ಮುಳ್ಳಪ್ಪಸ್ವಾಮಿಯ ಗದ್ದುಗೆಗೆ ಮೆಟ್ಟಿಲುಗಳಿವೆ. ‘ಕಾರು ಹೋಗುವ ಬೆಟ್ಟ ಹತ್ತುವುದೂ ಒಂದು ಚಾರಣವೇ?’ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಹೊಸಬರಿಗೆ ಈ ಬೆಟ್ಟ ತಕ್ಕದ್ದಾಗಿರುವುದೇ ಆ ಕಾರಣಕ್ಕೆ. ಯಾರಾದರೂ ಕಾಲು ಉಳುಕಿಸಿಕೊಂಡರೆ ಎರಡು ಕಡೆ ದಾರಿಯಿದೆ: ಕೆಳಗೆ ಹೊರಟ ಜಾಗಕ್ಕೆ, ಅಥವಾ ಶಿಖರ ಹತ್ತಿರವಿದ್ದರೆ ಮೇಲಿನ ರಸ್ತೆಗೆ. ಕುಮಾರಪರ್ವತದ ನಡುವೆ ಇಂಥ ಆಯ್ಕೆ ಸಿಗುವುದಿಲ್ಲ.

ಏರು ಎಷ್ಟು ಎಂಬುದನ್ನು ಯಾರ ಬಾಯಿಂದಲೂ ಕೇಳಬೇಕಾಗಿಲ್ಲ, ನಕ್ಷೆಯಲ್ಲಿ ನೀವೇ ಎಣಿಸಬಹುದು. ಭೂಗೋಳದ ತರಗತಿಯಲ್ಲಿ ಓದಿದ ಸಮೋನ್ನತಿ ರೇಖೆಗಳನ್ನು ನೆನಪಿಸಿಕೊಳ್ಳಿ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೋಶೀಟಿನಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಎರಡು ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರದ ಅಂತರ. ದಾರಿಯ ಮೇಲೆ ಒಂದು ದಾರವನ್ನು ತಿರುವುಗಳಿಗೆ ತಕ್ಕಂತೆ ಇಟ್ಟು ಉದ್ದ ಅಳೆಯಿರಿ. ದಾರ ಎಷ್ಟು ರೇಖೆಗಳನ್ನು ದಾಟಿತು ಎಂದು ಎಣಿಸಿ 20ರಿಂದ ಗುಣಿಸಿ. 25 ರೇಖೆ ದಾಟಿದರೆ ಏರು 500 ಮೀಟರ್. ರೇಖೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದು, ದೂರದೂರವಿದ್ದರೆ ನಿರಾಳ. ಇಂದು ಮೊಬೈಲ್ ಫೋನಿನಲ್ಲಿ ಇಂಥ ನಕ್ಷೆಗಳು ಸಿಗುತ್ತವೆ. ಬೆಟ್ಟದಲ್ಲಿ ಸಿಗ್ನಲ್ ಇರುತ್ತದೆಂದು ನಂಬದೆ ಮನೆಯಲ್ಲೇ ಇಳಿಸಿಕೊಂಡು, ಒಂದು ಕಾಗದದ ಪ್ರತಿಯನ್ನೂ ಚೀಲದಲ್ಲಿಡಿ. ಕಾಗದಕ್ಕೆ ಚಾರ್ಜು ಬೇಕಾಗಿಲ್ಲ.

ಗಡಿಯಾರದ ಲೆಕ್ಕ

1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಸೂತ್ರ ಕೊಟ್ಟ. ಮೆಟ್ರಿಕ್ ಅಳತೆಗೆ ಹೊಂದಿಸಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದಕ್ಕೆ ಸೇರಿಸಿ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಲೆಕ್ಕದ ಅನುಕೂಲಕ್ಕೆ ನಮ್ಮ ದಾರಿ 4 ಕಿಲೋಮೀಟರ್, ಏರು 500 ಮೀಟರ್ ಎಂದುಕೊಳ್ಳೋಣ. 4 ಕಿಲೋಮೀಟರಿಗೆ 48 ನಿಮಿಷ, 500 ಮೀಟರ್ ಏರಿಗೆ 50 ನಿಮಿಷ, ಒಟ್ಟು 98 ನಿಮಿಷ.

ನೇಸ್ಮಿತ್‌ನ ಮನಸ್ಸಿನಲ್ಲಿದ್ದದ್ದು ಪಳಗಿದ ಕಾಲುಗಳು. ಬಯಲು ಸೀಮೆಯ ಹದಿನೈದು ವಿದ್ಯಾರ್ಥಿಗಳ ತಂಡಕ್ಕೆ ಇದನ್ನು ಒಂದೂವರೆಯಿಂದ ಗುಣಿಸಿ. 147 ನಿಮಿಷ, ಅಂದರೆ ಸುಮಾರು ಎರಡೂವರೆ ಗಂಟೆ. ನೀರು ಕುಡಿಯಲು, ಚಪ್ಪಲಿ ಹಾಕಿಕೊಂಡು ಬಂದವನಿಗೆ ಬುದ್ಧಿ ಹೇಳಲು, ಫೋಟೋ ತೆಗೆಯಲು ಅರ್ಧ ಗಂಟೆ. ಒಟ್ಟು ಮೂರು ಗಂಟೆ. ಇಳಿಯಲು ಎರಡು ಗಂಟೆ ಇಟ್ಟುಕೊಳ್ಳಿ.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ‘ಹಾಗಾದರೆ ಹನ್ನೊಂದಕ್ಕೆ ಹೊರಟರೂ ನಾಲ್ಕಕ್ಕೆ ಕೆಳಗಿರುತ್ತೇವಲ್ಲ’ ಎನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರ ಗಣಿತ ಸರಿಯಿದೆ. ಆದರೆ ಆ ಗಣಿತ ಏನೂ ಎಡವಟ್ಟಾಗದ ದಿನಕ್ಕೆ ಮಾತ್ರ ಹೊಂದುತ್ತದೆ. ಒಬ್ಬ ಹುಡುಗಿಯ ಕಾಲು ಉಳುಕಿತು ಎಂದಿಟ್ಟುಕೊಳ್ಳಿ. ಎರಡೂ ಕಡೆ ಒಬ್ಬೊಬ್ಬರು ಹೆಗಲು ಕೊಟ್ಟು, ಹತ್ತು ಹೆಜ್ಜೆಗೊಮ್ಮೆ ನಿಂತು ಇಳಿಸಬೇಕು. ಎರಡು ಗಂಟೆಯ ದಾರಿ ಮೂರು ಪಟ್ಟಾಗಿ ಆರು ಗಂಟೆಯೇ ಹಿಡಿಯಬಹುದು. ನವೆಂಬರ್ ಕೊನೆ, ಡಿಸೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ಸೂರ್ಯ ಮುಳುಗುವುದು ಸಂಜೆ ಆರರ ಸುಮಾರಿಗೆ. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಯುರೋಪಿನಂತೆ ದೀರ್ಘವಲ್ಲ. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಕಾಲಡಿಯ ಕಲ್ಲು ಕಾಣದಂತೆ ಕತ್ತಲಾಗುತ್ತದೆ. ಆರರಿಂದ ಆರು ಗಂಟೆ ಹಿಂದಕ್ಕೆ ಎಣಿಸಿದರೆ ಮಧ್ಯಾಹ್ನ ಹನ್ನೆರಡು.

ಅದೇ ನಿಮ್ಮ ಹಿಂತಿರುಗುವ ಹೊತ್ತು. ಹನ್ನೆರಡು ಹೊಡೆದಾಗ ತಂಡ ಎಲ್ಲಿದೆಯೋ ಅಲ್ಲಿಂದ ಹಿಂದಿರುಗಬೇಕು. ಶಿಖರ ಕಣ್ಣೆದುರೇ ಇರಬಹುದು, ಇನ್ನು ಇಪ್ಪತ್ತೇ ನಿಮಿಷ ಎನ್ನಿಸಬಹುದು. ಆ ಕ್ಷಣದಲ್ಲಿ ಚರ್ಚೆಗೆ ಕೂತರೆ ಉತ್ಸಾಹಿಗಳೇ ಗೆಲ್ಲುತ್ತಾರೆ, ಸುಸ್ತಾದವರು ನಾಚಿಕೆಯಿಂದ ಸುಮ್ಮನಿರುತ್ತಾರೆ. ಆದ್ದರಿಂದ ಈ ತೀರ್ಮಾನವನ್ನು ಊರಿನಲ್ಲಿ, ಎಲ್ಲರೂ ಕುರ್ಚಿಯ ಮೇಲೆ ಕುಳಿತು ತಲೆ ತಣ್ಣಗಿರುವಾಗ ಮಾಡಿ, ಕಾಗದದ ಮೇಲೆ ಬರೆದಿಡಿ. ಬೆಳಿಗ್ಗೆ ಏಳೂವರೆಗೆ ಸರ್ಪದಾರಿಯ ಬುಡ ಬಿಟ್ಟರೆ ಹತ್ತೂವರೆಗೆ ಶಿಖರ. ಹನ್ನೆರಡರವರೆಗೆ ಒಂದೂವರೆ ಗಂಟೆ ನಿಮ್ಮದೇ. ಹೀಗೆ ಹೊರಟರೆ ಆ ಕಠಿಣ ನಿಯಮ ಜಾರಿಯಾಗುವ ಪ್ರಸಂಗವೇ ಬರುವುದು ಕಡಿಮೆ.

ತಂಡದ ವೇಗ ಎಂದರೆ ಅತ್ಯಂತ ನಿಧಾನವಾಗಿ ನಡೆಯುವವರ ವೇಗ. ಇದನ್ನು ಎಲ್ಲರೂ ಒಪ್ಪುತ್ತಾರೆ, ಬೆಟ್ಟದ ಬುಡದಲ್ಲಿ ಎಲ್ಲರೂ ಮರೆಯುತ್ತಾರೆ. ಮುಂದೆ ಹೋದವರು ಕಾದು ಕುಳಿತು, ಹಿಂದಿನವರು ತಲುಪಿದ ಕೂಡಲೇ ‘ಸರಿ, ನಡೀರಿ’ ಎಂದು ಎದ್ದುಬಿಡುತ್ತಾರೆ. ಫಲವೇನು? ಗಟ್ಟಿ ಕಾಲಿನವರಿಗೆ ವಿಶ್ರಾಂತಿ, ದಣಿದವರಿಗೆ ಒಂದು ನಿಮಿಷವೂ ಇಲ್ಲ. ನಿಧಾನಿಗಳನ್ನು ಮುಂದೆ, ಮುಂದಾಳಿನ ಬೆನ್ನ ಹಿಂದೆಯೇ ಬಿಡಿ. ಕೊನೆಯಲ್ಲಿ ನಡೆಯಲು ಗಟ್ಟಿಯಾದ ಒಬ್ಬರನ್ನು ಹಿಂಗಾವಲಾಗಿ ನೇಮಿಸಿ. ಪ್ರಥಮ ಚಿಕಿತ್ಸೆಯ ಡಬ್ಬಿ, ಟಾರ್ಚು, ವಿಷಲ್ ಅವರ ಬಳಿ ಇರಲಿ. ಅವರ ಹಿಂದೆ ಯಾರೂ ಉಳಿಯಕೂಡದು. ಆಪತ್ತಿನಲ್ಲಿ ನಿಮಿಷಕ್ಕೆ ಆರು ಬಾರಿ ವಿಷಲ್ ಊದಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಊದುವುದು ಪರ್ವತ ಪ್ರದೇಶಗಳಲ್ಲಿ ರೂಢಿಯಾದ ಸಂಕೇತ. ಮೂರು ಬಾರಿ ಊದಿದರೆ ‘ಕೇಳಿಸಿತು’ ಎಂಬ ಉತ್ತರ.

ಹರಿಹರದಿಂದ ಬುಡದವರೆಗೆ

ಒಂದೇ ದಿನದಲ್ಲಿ ಕಡರನಾಯಕನಹಳ್ಳಿಯಿಂದ ಹೋಗಿ ಬರಬಹುದೇ? ಶಿವಮೊಗ್ಗ, ಭದ್ರಾವತಿ, ತರೀಕೆರೆ, ಬೀರೂರು, ಕಡೂರು ದಾಟಿ ಚಿಕ್ಕಮಗಳೂರು ಸೇರಲು ಬಾಡಿಗೆ ವ್ಯಾನಿಗೆ ನಾಲ್ಕು ಗಂಟೆಯ ಮೇಲೇ ಬೇಕು. ಏಳೂವರೆಗೆ ನಡಿಗೆ ಆರಂಭಿಸಬೇಕಾದರೆ ರಾತ್ರಿ ಎರಡೂವರೆಗೆಲ್ಲ ಹೊರಡಬೇಕು. ಇಡೀ ತಂಡ ನಿದ್ದೆಗೆಟ್ಟು ಬೆಟ್ಟ ಹತ್ತುವುದು ಒಂದು ಕಷ್ಟವಾದರೆ, ಅದೇ ಚಾಲಕ ಅದೇ ರಾತ್ರಿ ನಿಮ್ಮನ್ನು ವಾಪಸು ಕರೆತರುವುದು ಅದಕ್ಕಿಂತ ದೊಡ್ಡ ಅಪಾಯ. ಬೆಟ್ಟಕ್ಕಿಂತ ರಸ್ತೆಗೆ ಹೆಚ್ಚು ಹೆದರಬೇಕು. ಇದನ್ನು ಒಂದು ದಿನದ ಚಾರಣ, ಎರಡು ದಿನದ ಪ್ರವಾಸ ಎಂದು ತಿಳಿಯಿರಿ. ಹರಿಹರ, ದಾವಣಗೆರೆ, ಬೀರೂರು, ಕಡೂರು ನಾಲ್ಕೂ ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲೇ ಇವೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಿಂದ ರೈಲೂ ಇದೆ, ಬಸ್ಸುಗಳಂತೂ ಮೊದಲಿನಿಂದಲೂ ಇವೆ. ಹಿಂದಿನ ಸಂಜೆಯೇ ಚಿಕ್ಕಮಗಳೂರು ತಲುಪಿ ಮಲಗಿ. ಬೆಳಿಗ್ಗೆ ಸರ್ಪದಾರಿಯ ಬುಡಕ್ಕೆ ಜೀಪು ಗೊತ್ತು ಮಾಡುವ ಕೆಲಸವೂ ಹಿಂದಿನ ಸಂಜೆಯದೇ. ಇಳಿದ ಮೇಲೆ ಎಲ್ಲಿ, ಎಷ್ಟು ಹೊತ್ತಿಗೆ ಕಾಯಬೇಕೆಂದು ಚಾಲಕರಿಗೆ ಸ್ಪಷ್ಟವಾಗಿ ಹೇಳಿಡಿ.

ಹೊರಡುವ ಮುನ್ನ ವಿಚಾರಿಸಬೇಕಾದದ್ದು ಅನುಮತಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಬಳಿಕ ರಾಜ್ಯದ ಚಾರಣ ಪಥಗಳ ಮೇಲೆ ನಿಯಂತ್ರಣ ಬಿಗಿಯಾಯಿತು. ಅರಣ್ಯ ಇಲಾಖೆ ಹಲವು ಪಥಗಳಿಗೆ ಆನ್‌ಲೈನ್ ಮುಂಗಡ ನೋಂದಣಿಯ ವ್ಯವಸ್ಥೆ ತಂದಿತು. ಮುಳ್ಳಯ್ಯನಗಿರಿ ಕಡೆಗೆ ಹೋಗುವ ವಾಹನಗಳಿಗೂ 2025ರಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ ಮುಂಗಡ ನೋಂದಣಿ ಜಾರಿಗೆ ತಂದಿತು. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಗಿರಿಪ್ರದೇಶಕ್ಕೆ ಪ್ರವಾಸಿಗರನ್ನು ಬಿಡದಿರುವುದುಂಟು. ಭಾರೀ ಮಳೆಯಲ್ಲೂ ಹಾಗೆಯೇ. ನಿಯಮಗಳು ಬದಲಾಗುತ್ತಿರುತ್ತವೆ. ಕಳೆದ ವರ್ಷ ಹೋಗಿಬಂದ ಅಣ್ಣನ ಮಾತಿಗಿಂತ, ಹೊರಡುವ ವಾರ ಚಿಕ್ಕಮಗಳೂರಿನ ಅರಣ್ಯ ಮತ್ತು ಪ್ರವಾಸೋದ್ಯಮ ಕಚೇರಿಗಳನ್ನು ಕೇಳುವುದು ಮೇಲು.

ಮೇಲಿನ ಹವೆ

ಹರಿಹರ ಸಮುದ್ರ ಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ಶಿಖರಕ್ಕೂ ಅದಕ್ಕೂ ಸುಮಾರು 1,390 ಮೀಟರ್ ವ್ಯತ್ಯಾಸ. ಗಾಳಿ ಮೇಲಕ್ಕೆ ಹೋದಂತೆ ಒತ್ತಡ ತಗ್ಗಿ ಹಿಗ್ಗುತ್ತದೆ, ಹಿಗ್ಗಿದಾಗ ತಂಪಾಗುತ್ತದೆ. ಸರಾಸರಿಯಲ್ಲಿ ಪ್ರತಿ ಸಾವಿರ ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಕೆ. ಹಾಗಾಗಿ ಹರಿಹರದಲ್ಲಿ 29 ಡಿಗ್ರಿ ಇದ್ದಾಗ ಶಿಖರದಲ್ಲಿ 20ರ ಸುಮಾರು. 20 ಡಿಗ್ರಿಯೇನು ಚಳಿಯೇ ಎಂದು ಕೇಳಬಹುದು. ಹತ್ತಿ ಅಂಗಿ ಬೆವರಿನಿಂದ ಒದ್ದೆಯಾಗಿರುತ್ತದೆ. ಶಿಖರದಲ್ಲಿ ತಡೆಯಿಲ್ಲದ ಗಾಳಿ. ನೀರು ಆವಿಯಾಗುವಾಗ ಮೈಯ ಶಾಖವನ್ನು ಕೊಂಡೊಯ್ಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ. ಹತ್ತುವಾಗ ಬೆಂಕಿಯಂತಿದ್ದ ಮೈ ಹತ್ತು ನಿಮಿಷ ಕೂತರೆ ನಡುಗುತ್ತದೆ. ಒಂದು ಒಣ ಅಂಗಿ, ಗಾಳಿ ತಡೆಯುವ ಒಂದು ಮೇಲುಡುಪು, ಇಷ್ಟು ಚೀಲದಲ್ಲಿರಲಿ. ಒದ್ದೆ ಅಂಗಿಯನ್ನು ಶಿಖರ ತಲುಪಿದ ಕೂಡಲೇ ಬದಲಿಸಿ.

ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇಕಡ 79ರಷ್ಟು. ಉಸಿರು ತುಸು ಬೇಗ ಬರುತ್ತದೆ, ಅಷ್ಟೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರಿಗಿಂತ ಮೇಲೆ. ಆ ಹೆದರಿಕೆ ಇಲ್ಲಿ ಬೇಡ. ಆದರೆ ಆಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಬರಬೇಕು, ತಮ್ಮ ಔಷಧಿಯನ್ನು ತಾವೇ ಹೊತ್ತಿರಬೇಕು.

ಕಾಲ ಯಾವುದು? ಮಳೆ ಹಿಂದೆಗೆದ ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಕವಿದರೆ ಹತ್ತು ಮಾರು ಮುಂದಿನವರು ಕಾಣುವುದಿಲ್ಲ, ಗಾಳಿ ನಿಲ್ಲಗೊಡುವುದಿಲ್ಲ, ಪೊದೆಗಳ ಬಳಿ ಉಂಬಳದ ಕಾಟ ಬೇರೆ. ಮಾರ್ಚ್ ಬಂತೆಂದರೆ ಹುಲ್ಲು ಒಣಗಿ ಬೆಂಕಿಯ ಭಯ. ಸರ್ಪದಾರಿಯಲ್ಲಿ ನೆರಳಂತೂ ಇಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಮಳೆ.

ಗುಡುಗಿನ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ಬೋಳು ಶಿಖರದಲ್ಲಿ ನಿಂತಾಗ ಸುತ್ತಲಿನ ಅತಿ ಎತ್ತರದ ವಸ್ತು ನೀವೇ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ 30 ಬಂದರೆ ಸಿಡಿಲು 10 ಕಿಲೋಮೀಟರ್ ದೂರದಲ್ಲಿದೆ. ಅಷ್ಟು ದೂರವನ್ನು ಅದು ನೋಡನೋಡುತ್ತಿದ್ದಂತೆ ದಾಟಬಲ್ಲದು. 30 ಅಥವಾ ಅದಕ್ಕಿಂತ ಕಡಿಮೆ ಎಣಿಕೆ ಬಂದಾಗ ಶಿಖರ, ಏಣು, ಒಂಟಿ ಮರ ಮೂರನ್ನೂ ಬಿಟ್ಟು ಕೆಳಗಿಳಿಯಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಮತ್ತೆ ಮೇಲಕ್ಕೆ ಹೋಗಕೂಡದು. ಮಂಜು ಕವಿದರೆ ಇದಕ್ಕೆ ವಿರುದ್ಧ: ಓಡಾಡದೆ ಹಾದಿಯ ಮೇಲೇ ಒಟ್ಟಾಗಿ ಕುಳಿತುಬಿಡಿ. ಮಂಜು ಸರಿದಾಗ ನಡೆಯಿರಿ.

ಚೀಲದಲ್ಲಿ ಏನಿರಲಿ

ಭೌತಶಾಸ್ತ್ರದ ಒಂದು ಲೆಕ್ಕ ಮಾಡೋಣ. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿ 500 ಮೀಟರ್ ಏರಿದಾಗ ಗುರುತ್ವಕ್ಕೆ ವಿರುದ್ಧ ಮಾಡುವ ಕೆಲಸ 50 × 9.8 × 500, ಅಂದರೆ 2,45,000 ಜೂಲ್. ಆಹಾರದ ಲೆಕ್ಕದಲ್ಲಿ ಇದು 60 ಕಿಲೋ ಕ್ಯಾಲೊರಿಗೂ ಕಡಿಮೆ. ನಮ್ಮ ಸ್ನಾಯುಗಳು ತಿಂದ ಶಕ್ತಿಯ ಕಾಲು ಭಾಗವನ್ನೂ ಪೂರ್ತಿಯಾಗಿ ಕೆಲಸಕ್ಕೆ ತಿರುಗಿಸಲಾರವು, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ನಾಲ್ಕೈದು ಪಟ್ಟು, 250ರಿಂದ 300 ಕಿಲೋ ಕ್ಯಾಲೊರಿ ಬೇಕು ಎನ್ನೋಣ. ಸುಮಾರು 50 ಗ್ರಾಂ ಶೇಂಗಾದಲ್ಲಿ ಅಷ್ಟು ಶಕ್ತಿಯಿದೆ! ಒಂದು ಹಿಡಿ ಶೇಂಗಾ ತಿಂದವನು ತಾತ್ತ್ವಿಕವಾಗಿ ಕರ್ನಾಟಕದ ತುತ್ತತುದಿಗೆ ಏರಬಹುದು.

ಆದ್ದರಿಂದ ಐದು ಬಗೆಯ ಚಿತ್ರಾನ್ನ, ಪಾತ್ರೆ, ಒಲೆ ಹೊತ್ತೊಯ್ಯುವ ಅಗತ್ಯವಿಲ್ಲ. ನಮ್ಮ ಕಡೆಯ ಬುತ್ತಿ ಬೆಟ್ಟಕ್ಕೆಂದೇ ಹೇಳಿಮಾಡಿಸಿದಂತಿದೆ: ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ. ಕೆಡುವುದಿಲ್ಲ, ಚೆಲ್ಲುವುದಿಲ್ಲ. ದಾವಣಗೆರೆಯ ಮಂಡಕ್ಕಿ ಹಗುರವೇನೋ ಹೌದು, ಆದರೆ ಚೀಲದ ಅರ್ಧ ಜಾಗವನ್ನು ಗಾಳಿಯೇ ತಿನ್ನುತ್ತದೆ. ಅದನ್ನು ಮರಳುವ ರೈಲಿಗೆ ಇಟ್ಟುಕೊಳ್ಳಿ.

ಹೊರಬೇಕಾದದ್ದು ನೀರು. ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್, ಬಿಸಿಲಿದ್ದರೆ ಮೂರು. ದಾರಿಯಲ್ಲಿ ನೀರು ಸಿಗುತ್ತದೆಂದು ಭಾವಿಸಬೇಡಿ. ಒಬ್ಬರು ಇಬ್ಬರದ್ದನ್ನೂ ಹೊರುವ ಏರ್ಪಾಡು ಬೇಡ, ಅವರಿಬ್ಬರೂ ಬೇರೆಯಾಗುವುದು ಬಾಯಾರಿದಾಗಲೇ. ಬಾಯಾರುವ ಮೊದಲೇ, ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ಎರಡು ಪೊಟ್ಟಣ ಓ.ಆರ್.ಎಸ್. ಪುಡಿ ಹಿಂಗಾವಲಿನವರ ಬಳಿ ಇರಲಿ. ಟೋಪಿ, ಟಾರ್ಚು, ಉಳುಕಿಗೆ ಸುತ್ತುವ ಕ್ರೇಪ್ ಬ್ಯಾಂಡೇಜು, ಕಸ ತುಂಬಲು ಒಂದು ಚೀಲ. ಸುಗಂಧ ದ್ರವ್ಯ ಬೇಡ, ಬಂಡೆಗಳ ಬಳಿ ಹೆಜ್ಜೇನು ಇರಬಹುದು. ಬೆಂಕಿ, ಹೊಗೆಯಂತೂ ಖಂಡಿತ ಬೇಡ. ದಾರಿಯಲ್ಲಿ ಶೌಚಾಲಯವಿಲ್ಲ. ಇದನ್ನು ಹುಡುಗಿಯರಿಗೂ ಅವರ ಮನೆಯವರಿಗೂ ಮುಂಚೆಯೇ ನೇರವಾಗಿ ತಿಳಿಸುವುದು ಮರ್ಯಾದೆ. ಹೇಳದೆ ಕರೆದೊಯ್ದರೆ ಪಾಪ, ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ.

ಹಾದಿ ಬಳುಕುವುದೇಕೆ

ಸರ್ಪದಾರಿ ನೇರವಾಗಿ ಏರದೆ ಅತ್ತಿಂದಿತ್ತ ತಿರುಗುತ್ತದೆ. ಇದು ಇಳುಕಲಿನ ತತ್ತ್ವ. ಅದೇ ಎತ್ತರವನ್ನು ಎರಡು ಪಟ್ಟು ಉದ್ದದ ದಾರಿಯಲ್ಲಿ ಏರಿದರೆ ಗುರುತ್ವಕ್ಕೆ ಎದುರಾಗಿ ಬೇಕಾಗುವ ಬಲ ಅರ್ಧವಾಗುತ್ತದೆ. ಕೆಲಸ ಅಷ್ಟೇ, ಎದೆ ಬಡಿತ ಮಾತ್ರ ಕಡಿಮೆ. ತಿರುವು ತಪ್ಪಿಸಿ ಅಡ್ಡದಾರಿ ಹಿಡಿಯುವವರು ಬೇಗ ತಲುಪಿದಂತೆ ಕಂಡು ಮೇಲೆ ಕೂತು ಏದುಸಿರು ಬಿಡುತ್ತಾರೆ. ಅವರು ನಾಲ್ಕು ಜನ ತುಳಿದ ಗೆರೆಯಲ್ಲಿ ಹುಲ್ಲು ಸತ್ತು, ಮಳೆಗಾಲದಲ್ಲಿ ಅದೇ ಗೆರೆಯಲ್ಲಿ ನೀರು ಧುಮುಕಿ ಕೊರಕಲಾಗುತ್ತದೆ. ಈ ಹುಲ್ಲು ಪಾಳು ನೆಲದ ಹುಲ್ಲಲ್ಲ. ಹುಲ್ಲುಗಾವಲು, ಅದರ ಮಡಿಲಿನ ಶೋಲಾ ಕಾಡು ಎರಡೂ ಸೇರಿ ಮಳೆಯನ್ನು ಹಿಡಿದಿಟ್ಟು ತಿಂಗಳುಗಟ್ಟಲೆ ನಿಧಾನವಾಗಿ ಬಿಡುತ್ತವೆ. ಬೇಸಿಗೆಯಲ್ಲೂ ಹಳ್ಳಗಳು ಜಿನುಗುವುದು ಹಾಗೆ. ಭದ್ರಾ ನಾಲೆಯ ನೀರನ್ನು ನಂಬಿದ ಊರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಇಳಿಯುವ ಸರದಿ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಮೈಯ ಭಾರವನ್ನು ತಡೆಯಬೇಕು, ಬ್ರೇಕಿನಂತೆ. ಹೀಗೆ ಹಿಗ್ಗುತ್ತ ದುಡಿದಾಗ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಗಾಯಗಳಾಗುತ್ತವೆ. ಚಾರಣದ ಮರುದಿನಕ್ಕಿಂತ ಮೂರನೆಯ ದಿನ ಮೆಟ್ಟಿಲಿಳಿಯಲು ಹೆಚ್ಚು ನೋಯುವುದು ಇದರಿಂದಲೇ. ಉಸಿರಿಗೆ ಸುಲಭವಾದ್ದರಿಂದ ಇಳಿಯುವಾಗ ಓಡಬೇಕೆನ್ನಿಸುತ್ತದೆ. ಗರಸು ಮಣ್ಣು, ಸಡಿಲ ಕಲ್ಲಿನ ಮೇಲೆ ಕಾಲು ಜಾರುವುದು ಆಗಲೇ. ಮಂಡಿಯನ್ನು ತುಸು ಮಡಿಸಿ, ಸಣ್ಣ ಹೆಜ್ಜೆಯಿಟ್ಟು, ಇಡೀ ಪಾದ ಊರಿ ಇಳಿಯಿರಿ. ಕಾಲುಗುರುಗಳನ್ನು ಹಿಂದಿನ ದಿನವೇ ಕತ್ತರಿಸಿಕೊಂಡಿರಿ. ಬೂಟಿನ ತುದಿಗೆ ಒತ್ತುವುದು ಅವೇ. ಹೊಸ ಬೂಟು ಹಾಕಿಕೊಂಡು ಬರಬೇಡಿ, ಹಳೆಯದಾದರೂ ಅಟ್ಟೆಯಲ್ಲಿ ಹಿಡಿತವಿರುವ ಬೂಟು ಸಾಕು.

ಅಭ್ಯಾಸ ಊರಿನಲ್ಲೇ ಆಗಬೇಕು. ಬೆಟ್ಟವಿಲ್ಲವಲ್ಲ ಎನ್ನಬೇಡಿ. ಮೂರು ವಾರ ಮೊದಲಿನಿಂದ ದಿನಕ್ಕೆ ಒಂದು ಗಂಟೆ ಕಾಲುವೆ ಏರಿಯ ಮೇಲೆ ಚುರುಕಾಗಿ ನಡೆಯಿರಿ. ಹೆಗಲಿಗೆ ಎರಡು ನೀರಿನ ಬಾಟಲಿಯ ಚೀಲವಿರಲಿ. ಕಾಲೇಜಿನ ಮೆಟ್ಟಿಲೊಂದು 15 ಸೆಂಟಿಮೀಟರ್ ಇದ್ದರೆ 500 ಮೀಟರಿಗೆ 3,300ಕ್ಕೂ ಹೆಚ್ಚು ಮೆಟ್ಟಿಲು. ಅಷ್ಟನ್ನೂ ಒಮ್ಮೆಲೇ ಹತ್ತಬೇಕಿಲ್ಲ. 500 ಮೆಟ್ಟಿಲು ಹತ್ತಿ ಇಳಿದು ನೋಡಿದರೆ ನಿಮ್ಮ ಮಂಡಿಯ ಪರಿಚಯ ನಿಮಗಾಗುತ್ತದೆ. ಒಂದು ಭಾನುವಾರ ಇಡೀ ತಂಡ ದಾವಣಗೆರೆಯ ಸಮೀಪದ ಉಚ್ಚಂಗಿದುರ್ಗಕ್ಕೆ ಹೋಗಿಬನ್ನಿ. ಹುಣ್ಣಿಮೆಯ ದಿನ ಮಾತ್ರ ಬೇಡ, ಉಚ್ಚಂಗಮ್ಮನ ಭಕ್ತರ ನಡುವೆ ನಿಮ್ಮ ವೇಗದ ಪರೀಕ್ಷೆ ಆಗದು. ಹಿಂಗಾವಲು ಯಾರಾಗಬೇಕು, ಯಾರು ನಿಧಾನ, ಯಾರು ಹೇಳಿದ ಮಾತು ಕೇಳುವುದಿಲ್ಲ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ.

ಹೊರಡುವ ದಿನ ಒಂದು ಹಾಳೆಯನ್ನು ಮನೆಯಲ್ಲೂ ಇನ್ನೊಂದನ್ನು ಶಾಲೆಯಲ್ಲೂ ಬಿಟ್ಟುಹೋಗಿ. ತಂಡದವರ ಹೆಸರು, ಹಿಡಿಯುವ ದಾರಿ, ಜೀಪಿನವರ ದೂರವಾಣಿ ಸಂಖ್ಯೆ, ಕೆಳಗೆ ತಲುಪುವ ಹೊತ್ತು ಅದರಲ್ಲಿರಲಿ. ‘ಮಧ್ಯಾಹ್ನ ಮೂರರೊಳಗೆ ಇಳಿದೆವು ಎಂದು ಫೋನ್ ಮಾಡುತ್ತೇವೆ. ಐದಾದರೂ ಫೋನ್ ಬಾರದಿದ್ದರೆ ಮೊದಲು ಜೀಪಿನವರಿಗೆ, ನಂತರ 112ಕ್ಕೆ ತಿಳಿಸಿ’ ಎಂದು ಬರೆಯಿರಿ. ಆ ಫೋನ್ ಮಾಡುವ ಹೊಣೆ ಇಂಥವರದೇ ಎಂದು ಹೆಸರಿಸಿ. ಎಲ್ಲರ ಕೆಲಸವಾದರೆ ಯಾರೂ ಮಾಡುವುದಿಲ್ಲ, ಅತ್ತ ಅಮ್ಮಂದಿರು ಕಂಗಾಲಾಗುತ್ತಾರೆ.

ಮುಂದಾಳಿನ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರಲಿ. ಹೊರಟ ಹೊತ್ತು, ಪ್ರತಿ ವಿಶ್ರಾಂತಿಯ ಹೊತ್ತು, ಶಿಖರ ತಲುಪಿದ ಮತ್ತು ಕೊನೆಯವರು ರಸ್ತೆಗೆ ಇಳಿದ ಹೊತ್ತು ಅದರಲ್ಲಿ ದಾಖಲಾಗಲಿ. ಹರಿಹರದ ಕಡೆಯ ರೈಲಿನಲ್ಲಿ ಮಂಡಕ್ಕಿ ಮೆಲ್ಲುತ್ತ ಆ ಸಮಯವನ್ನು ನೇಸ್ಮಿತ್‌ನ 98 ನಿಮಿಷದಿಂದ ಭಾಗಿಸಿ ನೋಡಿ. ನಾನು ಹೇಳಿದ ಒಂದೂವರೆ ಪಟ್ಟು ಒಂದು ಅಂದಾಜು ಮಾತ್ರ. ನಿಮ್ಮ ತಂಡದ ನಿಜವಾದ ಅಂಕಿ ಆಗ ಸಿಗುತ್ತದೆ, ಮುಂದಿನ ಬೆಟ್ಟಕ್ಕೆ ಅದನ್ನೇ ಬಳಸಿ.